‘ಪಾಲಕರು’ ಅಂದರೆ ಯಾರು?

ಪಾಲನೆ ಮಕ್ಕಳ ಮನಸ್ಸಿನ ಮೇಲೆ ಏನು ಮಾಡುತ್ತದೆ ಅಂತ ಅಧ್ಯಯನಕ್ಕೆ ಹೊರಡುವವರು ಸಾಮಾನ್ಯವಾಗಿ ಎರಡು ಪ್ರಶ್ನಾವಳಿ ಹಿಡಿದು ಶಾಲೆಗೆ ಹೋಗುತ್ತಾರೆ. ಒಂದು ಪಾಲನೆಯ ರೀತಿಗೆ, ಇನ್ನೊಂದು ಮಗುವಿನ ತೊಂದರೆಗೆ. ಎರಡನ್ನೂ ತಾಯಿಯ ಕೈಗೇ ಕೊಡುತ್ತಾರೆ. ಎಡವಟ್ಟು ಅಲ್ಲೇ ಶುರು. ಮನಸ್ಸು ಕುಗ್ಗಿದ ತಾಯಿಗೆ ತನ್ನ ಪಾಲನೆಯಲ್ಲೂ ತಪ್ಪೇ ಕಾಣುತ್ತದೆ, ಮಗುವಿನಲ್ಲೂ ತಪ್ಪೇ ಕಾಣುತ್ತದೆ. ಅಂಕಿಗಳು ಚೆಂದ ತಾಳೆಯಾಗುತ್ತವೆ, ಆದರೆ ಅಳೆದದ್ದು ಅವಳ ಮನಸ್ಥಿತಿಯನ್ನು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಂತೂ ‘ಪಾಲಕರು’ ಯಾರು ಅನ್ನುವುದೇ ಋತುಮಾನಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಕಾರವಾರ, ಅಂಕೋಲಾ ಕಡೆ ಬೋಟಿಗೆ ಹೋಗುವ ಅಪ್ಪ ಜೂನ್ 1ರಿಂದ ಜುಲೈ 31ರ ತನಕ, ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನ, ಮನೆಯಲ್ಲೇ ಇರುತ್ತಾನೆ. ಅಮ್ಮ ಬೆಳಿಗ್ಗೆ ಮೀನು ಬುಟ್ಟಿ ಹೊತ್ತು ಹೋದರೆ ಮಗುವಿಗೆ ಊಟ, ಬೈಗುಳ ಎರಡೂ ಅಜ್ಜಿಯದು. ಶಿರಸಿ ಕಡೆ ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ದಿನಗಳಲ್ಲಿ ಅಡಿಕೆ ಸುಲಿಯುವ ಮನೆಗೆ ಸಂಜೆ ಫಾರ್ಮ್ ಹಿಡಿದು ಹೋದರೆ ಪುರಸೊತ್ತಿನ ಉತ್ತರ ಸಿಗುವುದಿಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದು ಇಷ್ಟು: ಮಗುವನ್ನು ಎಬ್ಬಿಸುವವರು ಯಾರು, ಊಟ ಬಡಿಸುವವರು ಯಾರು, ಹೊಡೆಯುವವರು ಯಾರು, ಪಕ್ಕದಲ್ಲಿ ಮಲಗುವವರು ಯಾರು?

ಮಗುವಿನ ತೊಂದರೆ ಅಳೆಯಲು ಹೆಚ್ಚಾಗಿ ಬಳಸುವುದು ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಎಸ್‌ಡಿಕ್ಯೂ, ಅಂದರೆ ಮಗುವಿನ ಬಲ ಮತ್ತು ತೊಂದರೆಗಳ ಪ್ರಶ್ನಾವಳಿ. ಐದು ಗುಂಪು, ಗುಂಪಿಗೆ ಐದರಂತೆ 25 ಹೇಳಿಕೆ, ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ. ಇತರರ ಬಗೆಗಿನ ಕಾಳಜಿಯ ಗುಂಪನ್ನು ಬಿಟ್ಟು ಉಳಿದವನ್ನು ಕೂಡಿದರೆ ಗರಿಷ್ಠ 40; ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಐದು ಹೇಳಿಕೆಗಳು ಒಳ್ಳೆಯ ಗುಣದ ಬಗ್ಗೆ ಇರುವುದರಿಂದ ಅವುಗಳ ಅಂಕ ತಿರುಗಿಸಬೇಕು (2 ಇದ್ದರೆ 0, 0 ಇದ್ದರೆ 2). ಅದು ಮರೆತುಹೋದರೆ ಇಡೀ ಲೆಕ್ಕ ಕೆಡುತ್ತದೆ.

ತಿರುಗಿಸಬೇಕಾದ ಆ ಐದರಲ್ಲಿ ಒಂದು, ದೊಡ್ಡವರು ಹೇಳಿದ ಮಾತು ಕೇಳುವುದರ ಬಗ್ಗೆ. ಬೆದರಿಸಿ ಬೆಳೆಸುವ ಮನೆಯ ಮಗು ಹೇಳಿದ್ದೆಲ್ಲ ಕೇಳುತ್ತದೆ, ತೊಂದರೆಯ ಅಂಕ ಕಡಿಮೆಯೇ ಬರುತ್ತದೆ. ಅದೇ ಮಗುವಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಅದಕ್ಕೂ ಒಂದು ಹೇಳಿಕೆ ಇದೆ, ಆದರೆ ಮನೆಯವರಿಗೆ ಅದು ‘ಶಾಲೆ ತಪ್ಪಿಸೋ ನಾಟಕ’, ಹಾಗಾಗಿ ಸೊನ್ನೆ. 11ರಿಂದ 17ರವರಿಗೆ ತಾವೇ ತುಂಬುವ ಆವೃತ್ತಿ ಇದೆ, ಶಿಕ್ಷಕರದ್ದೂ ಇದೆ. ಪಾಲನೆಯ ಪ್ರಶ್ನೆ ಮನೆಯವರಿಗೆ, ತೊಂದರೆಯ ಪ್ರಶ್ನೆ ಮಗುವಿಗೂ ಶಿಕ್ಷಕರಿಗೂ ಹಂಚಿದರೆ ಚಿತ್ರ ಸ್ವಲ್ಪ ಸ್ಪಷ್ಟವಾಗುತ್ತದೆ.

ಪಾಲನೆಯ ಕಡೆ ಮನೋವಿಜ್ಞಾನಿ ಡಯಾನಾ ಬೌಮ್ರಿಂಡ್ 1960ರ ದಶಕದಲ್ಲಿ ಮಾಡಿದ ವಿಂಗಡಣೆಯನ್ನೇ (ಪ್ರೀತಿ ಜೊತೆಗೆ ನಿಯಮ, ಬರೀ ಕಟ್ಟುನಿಟ್ಟು, ಬರೀ ಸಡಿಲ) ಎಲ್ಲರೂ ಎತ್ತಿಕೊಳ್ಳುತ್ತಾರೆ. ಅದರ ಜೊತೆಗೆ ಹಿಡಿತದಲ್ಲಿ ಎರಡು ಬಗೆ ಇದೆ ಅನ್ನುವುದನ್ನು ಮರೆಯಬಾರದು. ‘ಏಳಕ್ಕೆ ಮೊದಲು ಮನೆ ಸೇರು’ ಅನ್ನುವುದು ನಡತೆಯ ಮೇಲಿನ ಹಿಡಿತ. ‘ನಿನ್ ಸಂತಿಗೆ ಆನು ಮಾತಾಡ್ತ್ನಿಲ್ಲೆ’ ಅಂತ ಎರಡು ದಿನ ಮೌನ ಹಿಡಿಯುವುದು ಮನಸ್ಸಿನ ಮೇಲಿನದು. ಆತಂಕ, ಖಿನ್ನತೆಯ ಜೊತೆ ಹೆಚ್ಚು ನಂಟು ಕಾಣುವುದು ಎರಡನೆಯದಕ್ಕೆ. ಅನುವಾದದಲ್ಲಿ ಎರಡೂ ‘ಶಿಸ್ತು’ ಆಗಿಬಿಟ್ಟರೆ ಕೆಲಸ ಕೆಟ್ಟಂತೆ. ಕಾರವಾರದ ಕೊಂಕಣಿ ಮನೆಗೆ, ಭಟ್ಕಳದ ನವಾಯತಿ ಮಾತಿನ ಮನೆಗೆ ಪುಸ್ತಕದ ಕನ್ನಡ ಒಯ್ಯುವ ಮೊದಲು ಹತ್ತು ಜನರ ಮುಂದೆ ಓದಿ, ‘ಇದರ ಅರ್ಥ ಏನು ಅಂತ ನಿಮ್ಮ ಮಾತಲ್ಲಿ ಹೇಳಿ’ ಅನ್ನಿ.

ಎಷ್ಟು ಮಕ್ಕಳು ಬೇಕು? ಪಾಲನೆಗೂ ತೊಂದರೆಗೂ 0.2ರಷ್ಟು ಸಹಸಂಬಂಧ (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು) ಹಿಡಿಯಲು, ಶೇ. 80 ಪವರ್‌ನಲ್ಲಿ, ಅಂದರೆ ನಂಟು ನಿಜಕ್ಕೂ ಇದ್ದರೆ ಅದು ಸಿಕ್ಕುವ ಸಾಧ್ಯತೆ ಶೇ. 80 ಇರುವಂತೆ, ಸುಮಾರು 194. ಆದರೆ ಒಂದೇ ಶಾಲೆಯ ಮಕ್ಕಳಲ್ಲಿ ಹೋಲಿಕೆ ಇರುತ್ತದೆ. ಶಾಲೆಗೆ 20 ಮಕ್ಕಳು, ಆ ಹೋಲಿಕೆ 0.05 ಅಂತಿಟ್ಟುಕೊಂಡರೆ 1.95ರಿಂದ (1 + 19 × 0.05) ಗುಣಿಸಬೇಕು, 379 ಆಯಿತು. ಒಂದೇ ಸಲ ಅಳೆದರೆ ಹೊಡೆತದಿಂದ ಮಗು ಹಟಮಾರಿಯಾಯಿತೋ, ಹಟಕ್ಕೆ ಹೊಡೆತ ಬಿತ್ತೋ ಗೊತ್ತಾಗುವುದಿಲ್ಲ. ಎರಡನೇ ಸುತ್ತು ಬೇಕೇ ಬೇಕು. ಮೊದಲ ಸುತ್ತು ಜುಲೈ, ಎರಡನೆಯದು ಜನವರಿ ಅಂತ ಇಟ್ಟರೆ ಅಪ್ಪ ಮನೆಯಲ್ಲಿದ್ದ, ಇಲ್ಲದ ವ್ಯತ್ಯಾಸವೂ ಅದರೊಳಗೆ ಸೇರಿಕೊಳ್ಳುತ್ತದೆ, ಅದನ್ನು ಪ್ರತ್ಯೇಕ ಬರೆದಿಡಿ.

ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೋ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ವರದಿ ಮಾಡಲೇಬೇಕು. ‘ಎಲ್ಲವೂ ಗುಟ್ಟಾಗಿರುತ್ತದೆ’ ಅಂತ ಒಪ್ಪಿಗೆ ಪತ್ರದಲ್ಲಿ ಬರೆಯಬೇಡಿ. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಮೊದಲೇ ಮುದ್ರಿಸಿರಲಿ. ಒಳನಾಡಿನ ಶಾಲೆಯಲ್ಲಿ ಏಳನೇ ತರಗತಿಗೆ ಒಂಬತ್ತೇ ಮಕ್ಕಳಿದ್ದರೆ ವಯಸ್ಸು, ಲಿಂಗ, ಊರು ಮೂರೂ ಬರೆದರೆ ಹೆಸರು ಬರೆದ ಹಾಗೇ. ಊರು ತೆಗೆದು ತಾಲ್ಲೂಕು ಇಡಿ.