ಇಲ್ಲ, ಭುಜವನ್ನು ಎಳೆದು ಬಿಡಿಸಕ್ಕಾಗಲ್ಲ

"ಒಂದು ಸಲ ಗಟ್ಟಿಯಾಗಿ ಎಳೆದುಬಿಟ್ಟರೆ ಬಿಟ್ಕೊಳ್ಳಲ್ವಾ?"

ಫ್ರೋಜನ್ ಶೋಲ್ಡರ್ (ಭುಜ ನೋಯುತ್ತಾ ಬಿಗಿದುಕೊಂಡು, ಕೈ ಎತ್ತಲು ತಿರುಗಿಸಲು ಆಗದಂತಾಗುವ ಕಾಯಿಲೆ) ಅಂದರೆ ಸಾಕು, ಮೊದಲು ಬರುವ ಪ್ರಶ್ನೆ ಇದು. ಕೇಳುವವರು ಬೇರೆ ಬೇರೆ, ಪ್ರಶ್ನೆಯಲ್ಲಿ ಮಾತ್ರ ಒಂದಕ್ಷರ ಬದಲಾಗಲ್ಲ. "ನೋವಾದರೂ ಪರವಾಗಿಲ್ಲ, ಹಲ್ಲು ಕಚ್ಚಿ ತಡ್ಕೋತೀನಿ" ಅಂತ ಕೆಲವರು ಧೈರ್ಯವನ್ನೂ ಸೇರಿಸುತ್ತಾರೆ. ಮನೆಯಲ್ಲಿ ಕೈಬಲ ಇರುವ ಒಬ್ಬರಿಂದ ಎಳೆಸಿಕೊಂಡು, ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ಬಂದು ಕೇಳುವವರೂ ಇದ್ದಾರೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಬರೆದಿಡುತ್ತೇನೆ: ಬಿಟ್ಕೊಳ್ಳಲ್ಲ. ಎಳೀಬೇಡಿ, ಎಳೆಸ್ಕೋಬೇಡಿ.

ತಪ್ಪಿರುವುದು ಆ "ಬಿಟ್ಕೊಳ್ಳೋದು" ಅನ್ನುವ ಮಾತಿನಲ್ಲೇ. ತುಕ್ಕು ಹಿಡಿದ ಚಿಲಕ ಬಿಟ್ಟುಕೊಳ್ಳುತ್ತದೆ, ಬಿಗಿಯಾದ ಡಬ್ಬಿಯ ಮುಚ್ಚಳ ಬಿಟ್ಟುಕೊಳ್ಳುತ್ತದೆ. ಭುಜದೊಳಗೆ ಹಾಗೆ ಸಿಕ್ಕಿಹಾಕಿಕೊಂಡಿರುವ ವಸ್ತು ಯಾವುದೂ ಇಲ್ಲ. ರೆಟ್ಟೆ ಮೂಳೆಯ ಗುಂಡು ತಲೆ, ಅದು ಕೂರುವ ಆಳವಿಲ್ಲದ ಗುಳಿ, ಇವೆರಡನ್ನೂ ಸುತ್ತಿ ಮುಚ್ಚಿದ ಒಂದು ಚೀಲ. ವೈದ್ಯರು ಕ್ಯಾಪ್ಸೂಲ್ ಅನ್ನುವುದು ಇದನ್ನೇ. ಕೈ ಮೇಲೆತ್ತಲು ಬಟ್ಟೆ ಸಾಕಾಗಲಿ ಅಂತ ದರ್ಜಿ ಅಂಗಿಯ ಕಂಕುಳಲ್ಲಿ ಸ್ವಲ್ಪ ಸಡಿಲ ಬಿಡುತ್ತಾನಲ್ಲ, ಹಾಗೇ ಈ ಚೀಲದಲ್ಲೂ ಕಂಕುಳ ಕಡೆ ಒಂದು ಸಡಿಲ ಮಡಿಕೆ ಇರುತ್ತದೆ. ಕೈ ಎತ್ತಿದಾಗ ಅದು ಬಿಚ್ಚಿಕೊಳ್ಳುತ್ತದೆ, ಇಳಿಸಿದಾಗ ಮಡಚಿಕೊಳ್ಳುತ್ತದೆ.

ಫ್ರೋಜನ್ ಶೋಲ್ಡರ್‌ನಲ್ಲಿ ಮೊದಲು ಈ ಚೀಲಕ್ಕೆ ಉರಿಯೂತ ಬರುತ್ತದೆ. ಆಮೇಲೆ ಅದು ದಪ್ಪಗಾಗುತ್ತದೆ, ಗಾಯ ಮಾಗಿದ ಜಾಗದ ಚರ್ಮದ ಹಾಗೆ ಬಿಗಿದು ಕುಗ್ಗುತ್ತದೆ. ಕಂಕುಳ ಮಡಿಕೆ ಮಾಯ. ಆರೋಗ್ಯವಾಗಿದ್ದಾಗ 15ರಿಂದ 30 ಮಿಲಿಲೀಟರ್ ದ್ರವ ಹಿಡಿಯುವ ಕೀಲು, ಈಗ 10 ಮಿಲಿಲೀಟರ್ ಕೂಡ ಹಿಡಿಯದೆ ಹೋಗಬಹುದು. ಚೀಲದ ಮುಂಭಾಗದ ಮೇಲ್ಗಡೆ ಇರುವ ಅಸ್ಥಿರಜ್ಜು (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಎಲ್ಲಕ್ಕಿಂತ ಹೆಚ್ಚು ದಪ್ಪಗಾಗುವುದರಿಂದ, ಕೈಯನ್ನು ಹೊರಕ್ಕೆ ತಿರುಗಿಸುವ ಚಲನೆ ಮೊದಲು ಹೋಗುತ್ತದೆ, ಹೆಚ್ಚು ಹೋಗುತ್ತದೆ. ಇದು ಜೀವ ಇರುವ, ಕೆರಳಿರುವ ಅಂಗಾಂಶ. ಅದನ್ನು ಜಗ್ಗಿದರೆ ಸಣ್ಣ ಸಣ್ಣ ಗಾಯಗಳಾಗುತ್ತವೆ, ದೇಹ ಅವನ್ನು ಇನ್ನಷ್ಟು ಕಲೆಯಂಥ ಅಂಗಾಂಶದಿಂದ ತುಂಬುತ್ತದೆ. ಅಂದರೆ ಯಾವುದು ಕಡಿಮೆಯಾಗಬೇಕಿತ್ತೋ ಅದನ್ನೇ ನೀವು ದುಡ್ಡು ಕೊಟ್ಟು ಹೆಚ್ಚಿಸಿಕೊಳ್ಳುತ್ತೀರಿ.

ಎಳೆಯುವ ಆಸೆ ಹುಟ್ಟಲು ಹೆಸರುಗಳ ಪಾಲೂ ಇದೆ. 1934ರಲ್ಲಿ ಅಮೆರಿಕದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಫ್ರೋಜನ್ ಶೋಲ್ಡರ್ ಅಂದ. ಅದನ್ನು ಕೇಳಿದವರೆಲ್ಲ ಇದು ಥಂಡಿಯಿಂದ ಬಂತು, ಫ್ಯಾನ್ ಗಾಳಿಯಿಂದ ಬಂತು ಅಂದುಕೊಂಡರು. ಥಂಡಿಗೂ ಇದಕ್ಕೂ ಸಂಬಂಧವಿಲ್ಲ. 1945ರಲ್ಲಿ ಅಲ್ಲಿನ ಇನ್ನೊಬ್ಬ ಶಸ್ತ್ರವೈದ್ಯ ಜೂಲಿಯಸ್ ನೆವಿಯಾಸರ್ 'ಅಡ್ಹೆಸಿವ್ ಕ್ಯಾಪ್ಸುಲೈಟಿಸ್' ಎಂದು ಕರೆದ. ಚೀಲ ಮೂಳೆಗೆ ಅಂಟಿಕೊಂಡಿದೆ ಎಂಬ ಅರ್ಥ ಬಂತು. ಅಂಟಿದ್ದನ್ನು ಕೀಳಬೇಕು ಅಂತ ಯಾರಿಗಾದರೂ ಅನ್ನಿಸಿದರೆ ಅವರನ್ನು ಬೈಯುವ ಹಾಗೂ ಇಲ್ಲ. ಆಮೇಲೆ ಕೀಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ ಕಂಡದ್ದು ಅಂಟುವಿಕೆಗಿಂತ ಹೆಚ್ಚಾಗಿ ಉರಿಯೂತ ಮತ್ತು ಕುಗ್ಗುವಿಕೆ. ಅಷ್ಟರಲ್ಲಿ ಹೆಸರು ನಿಂತುಬಿಟ್ಟಿತ್ತು.

ಇಲ್ಲಿಗೆ ಬರುವಾಗ ಯಾರಾದರೂ ಹೇಳಿಯೇ ಹೇಳುತ್ತಾರೆ: "ಆಪರೇಷನ್ ಥಿಯೇಟರಲ್ಲಿ ಡಾಕ್ಟರೇ ಎಳೀತಾರಂತಲ್ಲ?" ಹೌದು. ಪೂರ್ತಿ ಅರಿವಳಿಕೆ ಕೊಟ್ಟು, ಮಾಂಸಖಂಡಗಳು ಪೂರಾ ಸಡಿಲವಾದ ಮೇಲೆ, ರೆಟ್ಟೆಯನ್ನು ಭುಜಕ್ಕೆ ಹತ್ತಿರದಲ್ಲಿ ಹಿಡಿದು, ಕ್ರಮ ಪ್ರಕಾರ ಚಲನೆ ಕೊಡುತ್ತಾರೆ. ಮಣಿಕಟ್ಟು ಹಿಡಿದು ಜಗ್ಗಿದರೆ ಸನ್ನೆಗೋಲು ಉದ್ದವಾಗಿ ರೆಟ್ಟೆ ಮೂಳೆಯೇ ಮುರಿಯಬಹುದು. ಅಷ್ಟು ಎಚ್ಚರ ವಹಿಸಿದರೂ ಮೂಳೆ ಮುರಿಯುವ, ಸ್ನಾಯುರಜ್ಜು (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ) ಹರಿಯುವ, ನರ ಜಗ್ಗಿಹೋಗುವ ಅಪಾಯ ಸ್ವಲ್ಪ ಇದ್ದೇ ಇದೆ. ನಿಮ್ಮ ಮನೆಯಲ್ಲಿ ಸೋಫಾ ಮೇಲೆ ಕೂರಿಸಿ ಎಳೆಯುವವರು ಹಿಡಿಯುವುದು ಮಣಿಕಟ್ಟನ್ನೇ. ನೀವು ಎಚ್ಚರವಾಗಿದ್ದೀರಿ, ಭುಜದ ಸುತ್ತ ಇರುವ ಮಾಂಸಖಂಡಗಳೆಲ್ಲ ಹೆದರಿ ಬಿಗಿ ಹಿಡಿದಿವೆ. ಎರಡೂ ಒಂದೇ ಹೇಗಾಗುತ್ತದೆ?

ಆ ಥಿಯೇಟರಿನ ದಾರಿಯೂ ಎಲ್ಲರಿಗೂ ಬೇಕಾಗಿಲ್ಲ. ಬ್ರಿಟನ್‌ನ 35 ಆಸ್ಪತ್ರೆಗಳಲ್ಲಿ 503 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅರಿವಳಿಕೆಯಲ್ಲಿ ಚಲನೆ ಕೊಡುವುದು, ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ಚೀಲವನ್ನು ಕತ್ತರಿಸಿ ಸಡಿಲಿಸುವುದು, ಸ್ಟೆರಾಯ್ಡ್ ಇಂಜೆಕ್ಷನ್ ಜೊತೆ ಕ್ರಮಬದ್ಧ ಫಿಸಿಯೋಥೆರಪಿ, ಈ ಮೂರನ್ನೂ ಹೋಲಿಸಿದರು. ಒಂದು ವರ್ಷದ ಕೊನೆಗೆ ರೋಗಿಗೆ ನಿಜವಾಗಿ ಗೊತ್ತಾಗುವಷ್ಟು ವ್ಯತ್ಯಾಸ ಮೂರರ ನಡುವೆ ಕಾಣಲಿಲ್ಲ. ಅದಕ್ಕೂ ಮುಂಚೆ, 2004ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ 77 ಜನರನ್ನು ಎರಡು ವರ್ಷ ಗಮನಿಸಿದ್ದರು. ನೋವಿನ ಮಿತಿಯೊಳಗೆ ಮೆಲ್ಲಗೆ ಕೈಯಾಡಿಸಿದವರಲ್ಲಿ ಶೇ 89 ಮಂದಿಗೆ ಭುಜ ಹೆಚ್ಚುಕಮ್ಮಿ ಮೊದಲಿನಂತಾಯಿತು. ನೋವು ಮೀರಿ ಹಿಗ್ಗಿಸಿಕೊಂಡವರಲ್ಲಿ ಶೇ 63. ಹಲ್ಲು ಕಚ್ಚುವ ವೀರರು ಈ ಎರಡು ಅಂಕಿಯನ್ನು ಇನ್ನೊಂದು ಸಲ ಓದಿಕೊಳ್ಳಲಿ.

ಎಳೆಯುವ ಮಾತು ಮುಗಿಯಿತು ಅಂದುಕೊಳ್ಳೋಣ. ನಿಮಗಿರುವುದು ಫ್ರೋಜನ್ ಶೋಲ್ಡರೇ ಹೌದಾ? ಭುಜ ನೋವೆಲ್ಲ ಫ್ರೋಜನ್ ಶೋಲ್ಡರ್ ಅಲ್ಲ. ಕುರ್ಚಿಯಲ್ಲಿ ಕೂತು ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ, 90 ಡಿಗ್ರಿ ಮಡಚಿ, ಮುಂಗೈಗಳನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿಸಿ. ನೋವಿರುವ ಕೈ ಇನ್ನೊಂದು ಕೈ ಹೋದ ದೂರದ ಅರ್ಧವೂ ಹೋಗದಿದ್ದರೆ ಅನುಮಾನ ಬಲವಾಗುತ್ತದೆ. ಈಗ ಬೇರೆಯವರು ಅದೇ ಕೈಯನ್ನು ಮೆಲ್ಲಗೆ (ಮೆಲ್ಲಗೆ!) ತಿರುಗಿಸಲಿ. ಅವರಿಗೂ ಅಲ್ಲೇ ತಡೆ ಸಿಕ್ಕರೆ ಚೀಲ ಕುಗ್ಗಿರುವ ಸಾಧ್ಯತೆ ಹೆಚ್ಚು. ನಿಮ್ಮಿಂದ ಆಗದ್ದು ಅವರಿಂದ ಸಲೀಸಾಗಿ ಆದರೆ ಸ್ನಾಯುರಜ್ಜು ಹರಿದಿರಬಹುದು, ಅದರ ಚಿಕಿತ್ಸೆ ಬೇರೆ. ಎಕ್ಸ್‌ರೇ ಮಾಡಿಸುವುದು ಫ್ರೋಜನ್ ಶೋಲ್ಡರ್ ಹುಡುಕಲಿಕ್ಕಲ್ಲ. ಅದರಲ್ಲಿ ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕೀಲು ಸವೆತ, ಸುಣ್ಣದ ಗಂಟು, ಕೀಲು ತಪ್ಪಿರುವುದು ಇವನ್ನು ತಳ್ಳಿಹಾಕಲಿಕ್ಕೆ ಅದು ಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಭುಜದಲ್ಲಿ ಗಡ್ಡೆ ಇದ್ದರೆ ವೈದ್ಯರ ಹತ್ತಿರ ಬೇಗ ಹೋಗಿ. ಭುಜದ ಜೊತೆ ಎದೆ ಬಿಗಿದು ಉಸಿರು ಕಟ್ಟಿದರೆ ಇದನ್ನು ಓದುತ್ತಾ ಕೂರಬೇಡಿ, ತುರ್ತು ಚಿಕಿತ್ಸೆಗೆ ಓಡಿ.

ಹಾಗೇ ಶುಗರ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇದು ಹೆಚ್ಚಾಗಿ ಬರುವುದು 40ರಿಂದ 60 ವಯಸ್ಸಿನವರಿಗೆ, ಅದರಲ್ಲೂ ಹೆಂಗಸರಿಗೆ. ಒಟ್ಟು ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬಂದರೆ, ಸಕ್ಕರೆ ಕಾಯಿಲೆಯವರಲ್ಲಿ 10ರಿಂದ 20 ಮಂದಿಗೆ ಬರುತ್ತದೆ, ಬಂದರೆ ಹೆಚ್ಚು ಹಟ ಮಾಡುತ್ತದೆ. ಭುಜ ತೋರಿಸಲು ಹೋಗಿ ಶುಗರ್ ಇರುವುದು ಮೊದಲ ಸಲ ಗೊತ್ತಾಗುವುದೂ ಉಂಟು.

ಮುಂದಿನ ಪ್ರಶ್ನೆ "ಯಾವ ಎಕ್ಸರ್‌ಸೈಜ್?" ನೀವು ಯಾವ ಹಂತದಲ್ಲಿದ್ದೀರಿ ಅಂತ ಗೊತ್ತಾಗದೆ ಇದಕ್ಕೆ ಉತ್ತರವೇ ಇಲ್ಲ. ನೋವು ಏರುತ್ತಾ ಹೋಗುವ ಮೊದಲ ಹಂತ 2ರಿಂದ 9 ತಿಂಗಳು. ನೋವು ಇಳಿದು ಬಿಗಿತ ಉಳಿಯುವ ಎರಡನೆಯದು 4ರಿಂದ 12 ತಿಂಗಳು. ಸಡಿಲವಾಗುವ ಮೂರನೆಯದು 5 ತಿಂಗಳಿಂದ 2 ವರ್ಷ. ನಡುವೆ ಗೆರೆ ಎಳೆದಿಲ್ಲ, ಒಂದರೊಳಗೊಂದು ಸೇರಿಕೊಂಡೇ ಹೋಗುತ್ತವೆ. ಕೆಲವರಿಗೆ ಕೊನೆಯಲ್ಲೂ ಸ್ವಲ್ಪ ಬಿಗಿತ ಉಳಿಯುತ್ತದೆ.

ಮೊದಲ ಹಂತದಲ್ಲಿ ಎರಡೇ ಎರಡು ಸಾಕು. ಒಂದು, ಲೋಲಕ. ಸರಿಯಿರುವ ಕೈಯನ್ನು ಮೇಜಿಗೆ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ನೋವಿನ ಕೈಯನ್ನು ಹಗ್ಗದ ಹಾಗೆ ಜೋಲು ಬಿಡಿ. ಆಮೇಲೆ ಮೈಯನ್ನು ಹಿಂದೆ ಮುಂದೆ ತೂಗಿ, ಕೈ ತಾನಾಗಿ ಆಡಬೇಕು. ಎಲ್ಲರೂ ಭುಜದ ಬಲ ಹಾಕಿ ಕೈಯನ್ನೇ ಬೀಸುತ್ತಾರೆ, ಆಗ ಲೋಲಕದ ಉಪಯೋಗವೇ ಹೋಯಿತು. ಎರಡು, ಮೇಜಿನ ಮೇಲೆ ಟವೆಲ್ ಹಾಸಿ, ಎರಡೂ ಅಂಗೈ ಅದರ ಮೇಲಿಟ್ಟು, ಮುಂದಕ್ಕೆ ಬಾಗುತ್ತಾ ಜಾರಿಸುವುದು. ಹಿಡಿತ ಶುರುವಾದಲ್ಲಿ 2ರಿಂದ 5 ಸೆಕೆಂಡ್ ನಿಂತು ವಾಪಸ್. ಹತ್ತು ಸಲ, ದಿನಕ್ಕೆ ಮೂರು ನಾಲ್ಕು ಬಾರಿ. ಅಳತೆಗೋಲು ಇದು: ವ್ಯಾಯಾಮದ ನೋವು ಅರ್ಧ ಗಂಟೆಯೊಳಗೆ ಇಳಿಯಬೇಕು. ಇಳಿಯದಿದ್ದರೆ, ಇಲ್ಲವೇ ಆ ರಾತ್ರಿ ಹೆಚ್ಚು ನೋವಾದರೆ, ಮರುದಿನ ಅರ್ಧಕ್ಕೆ ಇಳಿಸಿ.

ಸ್ಟೆರಾಯ್ಡ್ ಇಂಜೆಕ್ಷನ್ ಹೆಚ್ಚು ಕೆಲಸಕ್ಕೆ ಬರುವುದೂ ಈ ಹಂತದಲ್ಲೇ. ಕೀಲಿನೊಳಗೆ ಕೊಟ್ಟರೆ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನೋವು ತಗ್ಗುತ್ತದೆ. ಆ ಬಿಡುವಿನಲ್ಲಿ ಕೈಯಾಡಿಸಿಕೊಳ್ಳಬೇಕು. ಇಂಜೆಕ್ಷನ್ ತಗೊಂಡು ಕೈ ಕಟ್ಟಿ ಕೂತರೆ ಅರ್ಧ ಲಾಭ ಹೋಯಿತು. ಶುಗರ್ ಇರುವವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ವೈದ್ಯರಿಗೆ ಮೊದಲೇ ತಿಳಿಸಿ ಅಳೆಯುತ್ತಿರಿ. "ಕೊನೆಗೆ ನೋಡೋಣ" ಅಂತ ಮುಂದೂಡಿ, ನೋವೆಲ್ಲ ಇಳಿದು ಬರೀ ಬಿಗಿತ ಉಳಿದ ಮೇಲೆ ಇಂಜೆಕ್ಷನ್ ಕೇಳಿದರೆ ಅದಕ್ಕೆ ಮಾಡಲು ಹೆಚ್ಚು ಕೆಲಸ ಇರುವುದಿಲ್ಲ.

ಎರಡನೇ ಹಂತದಲ್ಲಿ ಹಿಗ್ಗಿಸಬಹುದು. ಮೊದಲು 10ರಿಂದ 15 ನಿಮಿಷ ಶಾಖ. ಅಂಗಾತ ಮಲಗಿ, ರೆಟ್ಟೆ ಕೆಳಗೆ ಮಡಚಿದ ಟವೆಲ್, ಮೊಣಕೈ 90 ಡಿಗ್ರಿ, ಎರಡೂ ಕೈಯಲ್ಲಿ ಒಂದು ಕೋಲು. ಸರಿಯಿರುವ ಕೈ ಕೋಲಿನಿಂದ ಇನ್ನೊಂದನ್ನು ಹೊರಕ್ಕೆ ತಳ್ಳಲಿ. 15ರಿಂದ 20 ಸೆಕೆಂಡ್ ಹಿಡಿದು, ಐದು ಸಲ, ದಿನಕ್ಕೆ ಮೂರು ಬಾರಿ. ಇಲ್ಲಿ ಕಳ್ಳಾಟ ಸುಲಭ: ಮೊಣಕೈ ಪಕ್ಕೆ ಬಿಟ್ಟು ಸರಿಯುತ್ತದೆ, ನೋಡಿದರೆ ಕೈ ತುಂಬಾ ತಿರುಗಿದ ಹಾಗೆ ಕಾಣುತ್ತದೆ. ಮೊಣಕೈಗೂ ಪಕ್ಕೆಗೂ ನಡುವೆ ಕರವಸ್ತ್ರ ಸಿಕ್ಕಿಸಿಕೊಳ್ಳಿ. ಅದು ಬಿತ್ತೋ, ಕಳ್ಳ ಸಿಕ್ಕಿಬಿದ್ದ. ಗೋಡೆ ಮೇಲೆ ಬೆರಳು ಹತ್ತಿಸುವಾಗಲೂ ಇದೇ ಕಥೆ. ಭುಜ ಕಿವಿಯ ಹತ್ತಿರ ಏರುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ, ಗೋಡೆ ಮೇಲೆ ಪೆನ್ಸಿಲ್ ಗುರುತು ದಿನಾ ಮೇಲೆ ಹೋಗುತ್ತದೆ, ಕೀಲು ಇದ್ದಲ್ಲೇ ಇರುತ್ತದೆ. ಕನ್ನಡಿ ಪಕ್ಕದಲ್ಲಿ ನಿಂತು ಮಾಡಿ.

ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಕ್ಕೆಳೆಯುವುದು ಮೂರನೇ ಹಂತಕ್ಕೆ ಇರಲಿ. ಬಟ್ಟೆಯ ಹಿಂದಿನ ಹುಕ್ಕು, ಹಿಂದಿನ ಜೇಬು ಎಲ್ಲಕ್ಕೂ ಬೇಕಾದ್ದು ಆ ಚಲನೆಯೇ ಆದ್ದರಿಂದ ಎಲ್ಲರೂ ಅದನ್ನೇ ಮೊದಲು ಹಿಡಿಯುತ್ತಾರೆ. ಸಾಮಾನ್ಯವಾಗಿ ಕೊನೆಗೆ ವಾಪಸ್ ಬರುವುದು ಅದೇ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: "ರಾತ್ರಿ ಹೇಗೆ ಮಲಗಲಿ?" ಮೊದಲ ಹಂತದಲ್ಲಿ ಮನುಷ್ಯನನ್ನು ಹಣ್ಣು ಮಾಡುವುದು ಹಗಲಿನ ನೋವಲ್ಲ, ರಾತ್ರಿ ಎರಡು ಗಂಟೆಗೆ ಎಬ್ಬಿಸುವ ನೋವು. ಅಂಗಾತ ಮಲಗಿದಾಗ ಮೊಣಕೈ ಹಾಸಿಗೆಗೆ ಇಳಿದು ಮೈಗಿಂತ ಹಿಂದೆ ಬೀಳುತ್ತದೆ, ಚೀಲದ ಮುಂಭಾಗ ಗಂಟೆಗಟ್ಟಲೆ ಜಗ್ಗಿಸಿಕೊಳ್ಳುತ್ತದೆ. ಅದಕ್ಕೆ ಭುಜದ ಕೆಳಗಿಂದ ಮೊಣಕೈ ದಾಟುವವರೆಗೆ ತೆಳು ದಿಂಬು ಇಡಿ, ಮಲಗಿದಲ್ಲಿಂದ ಕಣ್ಣು ಕೆಳಗೆ ಮಾಡಿದರೆ ಮೊಣಕೈ ನಿಮಗೆ ಕಾಣಬೇಕು. ಮುಂಗೈ ಹೊಟ್ಟೆ ಮೇಲಿರಲಿ. ಪಕ್ಕಕ್ಕೆ ಮಲಗುವವರು ಸರಿಯಿರುವ ಕಡೆಗೆ ಮಲಗಿ, ಎದೆಗೆ ದಪ್ಪ ದಿಂಬು ಅಪ್ಪಿಕೊಂಡು, ನೋವಿನ ಕೈಯನ್ನು ಪೂರ್ತಿ ಅದರ ಮೇಲೆ ಹೊರಿಸಿ. ಕೈ ಎದೆಯ ಮೇಲಿಂದ ಹಾಸಿಗೆಗೆ ಜೋತು ಬೀಳಬಾರದು. ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಒಂದನ್ನು ಮಲಗುವ ಹೊತ್ತಿಗೆ ಹೊಂದಿಸಬಹುದೇ ಅಂತ ವೈದ್ಯರನ್ನು ಕೇಳಿ. ಬೆಳಿಗ್ಗೆ ಎದ್ದು ದಿಂಬು ಎಲ್ಲಿದೆ ನೋಡಿ. ನೆಲದ ಮೇಲಿದ್ದರೆ ಅದು ತೀರಾ ಚಿಕ್ಕದು ಅಂತ. ಇವತ್ತು ರಾತ್ರಿ ಉದ್ದದ್ದು ತಗೊಳ್ಳಿ.