ಏಳು ಯೂನಿಟ್ಟಿನ ಲೆಕ್ಕ

ನಾನು ಎಲೆಕ್ಟ್ರಿಕ್ ಸ್ಕೂಟರ್ ಕೊಂಡು ವರ್ಷಗಳಾದರೂ ನಮ್ಮ ಅತ್ತೆಗೆ ಈಗಲೂ ಒಂದು ಅನುಮಾನ. "ಸ್ಕೂಟರ್ ಸಬ್ಸಿಡಿ ದುಡ್ಡು ಅಕೌಂಟಿಗೆ ಬಿತ್ತೇನೇ?" ಅಂತ ಆಗಾಗ ಕೇಳುತ್ತಾರೆ. ಗ್ಯಾಸ್ ಸಬ್ಸಿಡಿ ಕಂಡವರು, ಇದೂ ಹಾಗೇ ಬರುತ್ತೆ ಅಂದುಕೊಂಡಿದ್ದಾರೆ. ಇದು ಬಿಲ್ಲಿನಲ್ಲೇ ಕಳೆದುಹೋಗುತ್ತೆ, ಕಂಪನಿಯವರು ಆಮೇಲೆ ಕೇಂದ್ರ ಸರ್ಕಾರದಿಂದ ಈಸ್ಕೋತಾರೆ ಅಂತ ಹತ್ತು ಸಲ ಹೇಳಿದ್ದೇನೆ. ಕೊನೆಗೆ ಬಿಲ್ಲನ್ನೇ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಮೊದಲು ಏರಿಸಿ ಆಮೇಲೆ ಇಳಿಸಿರ್ತಾರೆ ಬಿಡು" ಅಂದರು. ಆಷಾಢದ ಸೀರೆ ಡಿಸ್ಕೌಂಟ್ ನೋಡಿ ಪಳಗಿದ ಕಣ್ಣು ಅದು.

ನಾನು ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮನೆ ಮೈಸೂರಿನ ಕುವೆಂಪುನಗರದಲ್ಲಿ, ಬಾಡಿಗೆಗೆ, ಮೊದಲನೇ ಮಹಡಿ. ಹೋಗಿ ಬರೋದಕ್ಕೆ 46 ಕಿಲೋಮೀಟರ್. ಹಳೇ ಪೆಟ್ರೋಲ್ ಗಾಡಿ ಲೀಟರಿಗೆ 42 ಕೊಡುತ್ತಿತ್ತು. ಲೀಟರ್ ನೂರರ ಮೇಲಿತ್ತು. ತಿಂಗಳಿಗೆ 2,700 ರೂಪಾಯಿ ಬಂಕಿಗೇ ಹೋಗುತ್ತಿತ್ತು.

2023ರ ಮೇ ಕೊನೇ ವಾರ ಶೋರೂಮಿನಲ್ಲಿ ಜಾತ್ರೆ. ಕಾರಣ ಇಷ್ಟೇ. ಎಲೆಕ್ಟ್ರಿಕ್ ಗಾಡಿಗೆ ಕೇಂದ್ರ ಸಬ್ಸಿಡಿ ಕೊಡುತ್ತಿದ್ದ ಫೇಮ್-2 ಯೋಜನೆಯಲ್ಲಿ ಬ್ಯಾಟರಿಯ ಪ್ರತಿ ಯೂನಿಟ್‌ಗೆ, ಅಂದರೆ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಸಿಗುತ್ತಿತ್ತು, ಗಾಡಿ ಬೆಲೆಯ ಶೇ 40 ಮೀರದ ಹಾಗೆ. ಜೂನ್ 1ರಿಂದ ಅದು 10,000ಕ್ಕೆ, ಶೇ 15ರ ಮಿತಿಗೆ ಇಳಿಯುವುದಿತ್ತು. ನನ್ನದು 3.7 ಕಿಲೋವ್ಯಾಟ್ ಅವರ್ ಬ್ಯಾಟರಿ. ಬಿಲ್ಲಿನಲ್ಲಿ 55,500 ಕಳೆದಿದ್ದರು. ಕರ್ನಾಟಕದಲ್ಲಿ ಆಗ ರಸ್ತೆ ತೆರಿಗೆ ಇರಲಿಲ್ಲ, ಜಿಎಸ್‌ಟಿ ಶೇ 5 ಮಾತ್ರ, ಥರ್ಡ್ ಪಾರ್ಟಿ ಇನ್ಶೂರೆನ್ಸಿನಲ್ಲಿ ಶೇ 15 ರಿಯಾಯಿತಿ. ಎಲ್ಲ ಸೇರಿ 1,51,000 ಕೊಟ್ಟು ಹಸಿರು ನಂಬರ್ ಪ್ಲೇಟಿನ ಗಾಡಿ ತಂದೆ. ಒಂದು ವಾರ ತಡ ಮಾಡಿದ್ದರೆ ಅದೇ ಗಾಡಿಗೆ 22,000 ಜಾಸ್ತಿ.

ಗೆದ್ದೆ ಅಂದುಕೊಂಡೆ. ಆದರೆ ಲೋನಿನ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿ, ಅದೇ ಆದಾಯ ತೆರಿಗೆಯ 80ಇಇಬಿ ಸೆಕ್ಷನ್, 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರವಂತೆ. ಎರಡು ತಿಂಗಳಲ್ಲಿ ತಪ್ಪಿಹೋಯಿತು. ಊರಿನವರ ಲೆಕ್ಕ ನೋಡುವ ನಾನೇ ಇದನ್ನು ಗಮನಿಸಿರಲಿಲ್ಲ! ಇನ್ನು ಗಾಡಿ ತಂದು ಎರಡೇ ವಾರಕ್ಕೆ, ಜೂನ್ 11ಕ್ಕೆ, ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಬಸ್ ಫ್ರೀ. "ಒಂದೂವರೆ ಲಕ್ಷ ಸುರಿದು ಬಂದೆ, ಸರ್ಕಾರ ನಿನಗೆ ಬಸ್ಸೇ ಕೊಡ್ತು ನೋಡು" ಅಂತ ನಮ್ಮ ಮನೆಯವರು ವರ್ಷಪೂರ್ತಿ ರೇಗಿಸಿದರು. ಸ್ಟಾಪಿನಿಂದ ಫ್ಯಾಕ್ಟರಿ ಗೇಟಿಗೆ ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆಯೋರು ಅವರಲ್ಲವಲ್ಲ.

ಆಫೀಸಿನ ಸ್ಟೋರ್ಸ್ ವಿಭಾಗದವರೊಬ್ಬರು 2022ರಲ್ಲೇ ಕೊಂಡಿದ್ದರು. ಅವರ ಕಥೆ ಬೇರೆ. ಫ್ಯಾಕ್ಟರಿ ಬೆಲೆ ಒಂದೂವರೆ ಲಕ್ಷ ದಾಟಿದರೆ ಸಬ್ಸಿಡಿ ಇಲ್ಲ ಅನ್ನೋ ನಿಯಮಕ್ಕೆ ಸಿಗಬಾರದು ಅಂತ ಆಗ ಚಾರ್ಜರನ್ನು ಬೇರೆ ಬಿಲ್ ಮಾಡಿ ಮಾರುತ್ತಿದ್ದರು. ಸರ್ಕಾರ ಹಿಡಿದ ಮೇಲೆ ಚಾರ್ಜರ್ ದುಡ್ಡು ವಾಪಸ್ ಬಂತು. ಅವರು ಇಡೀ ವಿಭಾಗಕ್ಕೆ ಮೈಸೂರು ಪಾಕ್ ಹಂಚಿದರು.

ಇಷ್ಟೆಲ್ಲ ಗಾಡಿಗೆ. ಪ್ಲಗ್ಗಿಗೆ ಮಾತ್ರ ಯಾರೂ ಒಂದು ರೂಪಾಯಿ ಕೊಡಲಿಲ್ಲ.

ಚಾರ್ಜರ್ ಹಾಕಲು ಬಂದ ಹುಡುಗ ಮೀಟರ್ ಬೋರ್ಡಿನ ಹತ್ತಿರ ಮಲ್ಟಿಮೀಟರ್ ಹಿಡಿದ. ಫೇಸ್-ನ್ಯೂಟ್ರಲ್ ನಡುವೆ 232 ವೋಲ್ಟ್, ಸರಿ. ಫೇಸ್‌ಗೂ, ಸೋರಿದ ಕರೆಂಟನ್ನು ಭೂಮಿಗೆ ಇಳಿಸೋ ಅರ್ತ್ ತಂತಿಗೂ ನಡುವೆ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. 140 ತೋರಿಸಿತು. "ಅರ್ತ್ ಸತ್ತಿದೆ ಮೇಡಂ" ಅಂದು ಡಬ್ಬ ಮುಚ್ಚಿ ಹೊರಟೇಹೋದ. ಮನೆ ಕಟ್ಟಿ ಮೂವತ್ತು ವರ್ಷ ಆಗಿದೆ. ಅರ್ತಿಂಗ್ ಗುಂಡಿ ಎಲ್ಲಿದೆ ಅಂತ ಮಾಲೀಕರಿಗೇ ಜ್ಞಾಪಕ ಇಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಅವರ ಹೆಂಡತಿ ಒಳಗಿಂದಲೇ ಕೂಗಿ ಹೇಳಿದರು: ಪಾರ್ಕಿಂಗಿಗೆ ಟೈಲ್ಸ್ ಹಾಕಿಸಿದಾಗ ಅದರ ಮೇಲೇ ಮುಚ್ಚಿದ್ದು. ನೀರು ಕಾಣದ ಗುಂಡಿ ಒಣಗಿ ಕೂತಿತ್ತು.

ಟೈಲ್ಸ್ ಒಡೆಯಲು ಅವರು ಒಪ್ಪಲಿಲ್ಲ. ಕಾಂಪೌಂಡ್ ಪಕ್ಕ ದಾಸವಾಳದ ಬುಡದಲ್ಲಿ ಹೊಸ ಗುಂಡಿ ತೋಡಿಸಿದೆ. ಎಲೆಕ್ಟ್ರಿಷಿಯನ್ ಜಿಐ ಪೈಪ್ ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ಹಾಕುತ್ತಾ ಬಂದ. ಅತ್ತೆ ಮಹಡಿ ಮೇಲಿಂದ ನೋಡಿ, "ಉಪ್ಪಿನಕಾಯಿ ಹಾಕ್ತಿದಾನೇನೇ?" ಅಂದರು. ಎರಡು ಕೊಡ ನೀರು ಸುರಿದು ಮತ್ತೆ ಮೀಟರ್ ಹಿಡಿದರೆ 228. ಗುಂಡಿಗೆ 3,800. ನನ್ನ ಮೀಟರಿನಿಂದ ಪಾರ್ಕಿಂಗಿಗೆ 14 ಮೀಟರ್ ದಪ್ಪ ವೈರು, ಪೈಪು, ಎಂಸಿಬಿ, 15 ಆಂಪಿಯರ್ ಸಾಕೆಟ್, ಮಳೆ ಬೀಳದ ಹಾಗೆ ಒಂದು ಡಬ್ಬ, ಕೂಲಿ, ಗುಂಡಿಯದೂ ಸೇರಿ ಒಟ್ಟು 9,400. ಮಾಲೀಕರು ಬಂದು ನೋಡಿ, "ಚೆನ್ನಾಗಿದೆ. ಖಾಲಿ ಮಾಡುವಾಗ ಕೀಳಬೇಡಿ" ಅಂದರು. ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಲಿಲ್ಲ, ಅದೇ ದೊಡ್ಡದು ಅನ್ನಿ.

ಇನ್ನು ಕರೆಂಟು. ಇಲ್ಲಿ ಗೃಹಜ್ಯೋತಿ ಬರುತ್ತೆ. 200 ಯೂನಿಟ್ ಫ್ರೀ ಅಂತ ಎಲ್ಲರೂ ಹೇಳ್ತಾರೆ, ಆದರೆ 200 ಎಲ್ಲರಿಗೂ ಅಲ್ಲ. 2022-23ರಲ್ಲಿ ನಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ ನಮಗೆ ಅಷ್ಟು ಫ್ರೀ. ನಮ್ಮ ಆರ್‌ಆರ್ ನಂಬರಿನ ಸರಾಸರಿ 62. ಅಂದರೆ 68 ಯೂನಿಟ್. ಆ ವರ್ಷ ನಮ್ಮ ಮನೆಯಲ್ಲಿ ಎಲೆಕ್ಟ್ರಿಕ್ ಗಾಡಿ ಎಲ್ಲಿತ್ತು? ಮಿತವಾಗಿ ಬಳಸಿದ್ದಕ್ಕೆ ನಮಗೆ ಸಿಕ್ಕ ಬಹುಮಾನ ಇದು.

ಗಾಡಿ ಪೂರ್ತಿ ಚಾರ್ಜ್ ಆಗಲು ಗೋಡೆಯಿಂದ 4.3 ಯೂನಿಟ್ ಎಳೆಯುತ್ತೆ. ರಾತ್ರಿ 10ಕ್ಕೆ ಹಾಕಿದರೆ ಬೆಳಗಿನ ಜಾವ 4ಕ್ಕೆ ಆಗಿರುತ್ತೆ, 95 ಕಿಲೋಮೀಟರ್ ಓಡುತ್ತೆ. ತಿಂಗಳಿಗೆ 50 ಯೂನಿಟ್. ಮನೆಯದೂ ಸೇರಿ 112. 2024ರ ಏಪ್ರಿಲ್‌ನಿಂದ ಯೂನಿಟ್‌ಗೆ 5.90 ಆಗಿತ್ತು. ಮೇಲಿನ 44 ಯೂನಿಟ್‌ಗೆ ತೆರಿಗೆ ಗಿರಿಗೆ ಸೇರಿ 290 ಕಟ್ಟುತ್ತಿದ್ದೆ. 2,700 ಎಲ್ಲಿ, 290 ಎಲ್ಲಿ! ಅದರಲ್ಲಿ ನನಗೆ ತಕರಾರಿಲ್ಲ. ಚಾರ್ಜಿಂಗ್‌ಗೇ ಬೇರೆ ಮೀಟರ್, ಬೇರೆ ದರ ಇದೆ. ಒಂದು ಸ್ಕೂಟರಿಗೆ ಮತ್ತೊಂದು ಡೆಪಾಸಿಟ್ಟು, ತಿಂಗಳು ತಿಂಗಳು ಫಿಕ್ಸೆಡ್ ಚಾರ್ಜು ಯಾರಿಗೆ ಬೇಕು ಅಂತ ಸುಮ್ನೆ ಬಿಟ್ಟೆ.

ಎಡವಟ್ಟಾಗಿದ್ದು 2024ರ ಮೇನಲ್ಲಿ. ನಾದಿನಿಯ ಸಂಸಾರ ರಜೆಗೆ ಬಂತು, ಇಪ್ಪತ್ತು ದಿನ. ಅವಳ ಗಂಡನಿಗೆ ನನ್ನ ಗಾಡಿ ಬಹಳ ಹಿಡಿಸಿತು. ಅತ್ತೆಯ ಎದುರಿಗೆ ಅಳಿಯನಿಗೆ ಗಾಡಿ ಇಲ್ಲ ಅನ್ನೋಕಾಗುತ್ತಾ? ಬೆಳಿಗ್ಗೆ ಚಾಮುಂಡಿ ಬೆಟ್ಟ, ಸಂಜೆ ಕೆಆರ್‌ಎಸ್, ಮಾರನೇ ದಿನ ಶ್ರೀರಂಗಪಟ್ಟಣ, ಬಲಮುರಿ. ಬೆಟ್ಟ ಹತ್ತುವಾಗ ಬ್ಯಾಟರಿ ಶೇಕಡಾ ಹೇಗೆ ಇಳಿಯುತ್ತೆ, ಇಳಿಯುವಾಗ ಎಷ್ಟು ವಾಪಸ್ ಬರುತ್ತೆ ಅಂತ ಮಕ್ಕಳಿಗೆ ತೋರಿಸುತ್ತಿದ್ದರು. ನಾನು ಶಕ್ತಿ ಬಸ್ ಹತ್ತಿದೆ. ಮೀಟರ್ ರೀಡರ್ ಬಂದ ದಿನ ಓದಿದ್ದು 207.

200ರ ಒಳಗಿದ್ದರೆ ಮೇಲಿನದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಮೊದಲನೇ ಯೂನಿಟ್ಟಿನಿಂದ ಪೂರ್ತಿ ಬಿಲ್, ಫಿಕ್ಸೆಡ್ ಚಾರ್ಜೂ ಸೇರಿ. ಸಾವಿರದ ಐನೂರು ಚಿಲ್ಲರೆ ಬಂತು. 200ಕ್ಕೆ ನಿಂತಿದ್ದರೆ 850ರಲ್ಲಿ ಮುಗಿಯುತ್ತಿತ್ತು. ಏಳು ಯೂನಿಟ್, ಅಂದರೆ ಎರಡು ಸಲದ ಚಾರ್ಜೂ ಇಲ್ಲ, ಅದಕ್ಕೆ 700 ರೂಪಾಯಿ. ಆ ದುಡ್ಡಿಗೆ ಪೆಟ್ರೋಲ್ ಹಾಕಿಸಿದ್ದರೂ ಅಳಿಯಂದಿರು ಹತ್ತು ಸಲ ಬೆಟ್ಟ ಹತ್ತಿ ಇಳಿಯಬಹುದಿತ್ತು. ಅತ್ತೆಗೆ ಬಿಲ್ ತೋರಿಸಲಿಲ್ಲ.

2025ರ ಆಗಸ್ಟ್‌ನಲ್ಲಿ ನನ್ನ ತಮ್ಮ ಹಾಸನದಲ್ಲಿ ಇಂಥದ್ದೇ ಗಾಡಿ ಕೊಂಡ. ಆಗ ಇದ್ದದ್ದು ಕೇಂದ್ರದ ಪಿಎಂ ಇ-ಡ್ರೈವ್ ಸಬ್ಸಿಡಿ ಯೋಜನೆ. ಶೋರೂಮಿನಲ್ಲಿ ಫೋನಿಗೆ ಮುಖ ತೋರಿಸಿ ಆಧಾರ್ ದೃಢೀಕರಣ, ಮೊಬೈಲಿಗೆ ಇ-ವೋಚರ್, ಅದಕ್ಕೆ ಸಹಿ. ಇಷ್ಟೆಲ್ಲ ಮಾಡಿ ಸಿಕ್ಕಿದ್ದು 5,000. ಆಗ ಒಂದು ಗಾಡಿಗೆ ಅದೇ ಮಿತಿ. ನನ್ನ 55,500 ಕೇಳಿ ಅವನು ಎರಡು ದಿನ ಮಾತಾಡಲಿಲ್ಲ. ಅರ್ತಿಂಗು, ವೈರಿಂಗು ಎಲ್ಲ ಮೊದಲು ನೋಡಿಸು ಅಂದೆ. "ಸಬ್ಸಿಡಿ ದುಡ್ಡು ಅದಕ್ಕೂ ಸಾಲಲ್ಲ ಅಲ್ವಾ ಅಕ್ಕ" ಅಂದ. ನಿಜ, ನನ್ನ ಲೆಕ್ಕದ ಪ್ರಕಾರ 4,400 ಕಡಿಮೆ ಬೀಳುತ್ತೆ.

ಮೊನ್ನೆ ನಾದಿನಿ ಫೋನ್ ಮಾಡಿದ್ದಳು. ಮುಂದಿನ ವಾರ ಬರ್ತಾರಂತೆ, ಇವರಿಗೆ ಆ ಗಾಡಿಯದೇ ಧ್ಯಾನ ಅಂದಳು. ಬರ್ಲಿ, ಪಾಪ. ಸಾಕೆಟ್ ಡಬ್ಬಕ್ಕೆ ಒಂದು ಬೀಗ ಹಾಕಿದ್ದೇನೆ. ಕೀಲಿ ಸಾಸಿವೆ ಡಬ್ಬಿಯೊಳಗಿದೆ.