ನಿನ್ನ ದೂರ ಯಾವುದೋ ನೋಡೋಣ

ನಮ್ಮ ಕಾಲೇಜಿನ ಮೈದಾನವನ್ನು ನೆನೆದಾಗಲೆಲ್ಲ ನನಗೆ ಇಬ್ಬರು ಒಟ್ಟಿಗೇ ನೆನಪಾಗುತ್ತಾರೆ. ಒಬ್ಬರು ನಮ್ಮ ದೈಹಿಕ ಶಿಕ್ಷಣದ ಮೇಡಂ. ಇನ್ನೊಬ್ಬರು ನಾವು ಯಾರೂ ಕಣ್ಣಾರೆ ಕಾಣದ ನಾರ್ವೆಯ ಓಟಗಾರ್ತಿ ಗ್ರೇಟೆ ವೈಟ್ಸ್. ಮೇಡಂ ಅವರಿಗೆ ತಮ್ಮ ಹೆಸರು ಅಚ್ಚಾಗುವುದು ಇಷ್ಟವಿರಲಿಲ್ಲ, ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಆ ಕಾಲದಲ್ಲಿ ಓದಿದವರಿಗೆ ಯಾರೆಂದು ತಾನಾಗಿಯೇ ತಿಳಿಯುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಬೆಳಗಾಗುವ ಮೊದಲೇ ಮೈದಾನದಲ್ಲಿ ನಿಂತಿರುತ್ತಿದ್ದರು.

ನಾನು ಪಿಯುಸಿಗೆ ಸೇರಿದ್ದು 1984ರಲ್ಲಿ. ಆ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲಿ ಕಂಚು ಕಳೆದುಕೊಂಡಿದ್ದರು. ಕ್ಲಾಸಿನಲ್ಲಿ, ಹಾಸ್ಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲೆಲ್ಲೂ ಅದೇ ಮಾತು. ಮೇಡಂ ಕೂಡ ಉಷಾ ಅವರ ಸುದ್ದಿಯನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರು. ಅದರ ಪಕ್ಕದಲ್ಲೇ ಇನ್ನೊಂದು ಚಿಕ್ಕ ಸುದ್ದಿಯನ್ನೂ ಅಂಟಿಸಿದ್ದರು. ಉಷಾ ಓಟಕ್ಕೆ ಮೂರು ದಿನ ಮೊದಲು, ಆಗಸ್ಟ್ 5ರಂದು, ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ಬಾರಿಗೆ ಮಹಿಳೆಯರ ಮ್ಯಾರಥಾನ್ ನಡೆದಿತ್ತು. ಅಮೆರಿಕದ ಜೋನ್ ಬೆನೊಯ್ಟ್ ಚಿನ್ನ, ಗ್ರೇಟೆ ವೈಟ್ಸ್ ಬೆಳ್ಳಿ, ಪೋರ್ಚುಗಲ್‌ನ ರೋಸಾ ಮೋಟಾ ಕಂಚು. ಮೇಡಂ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದ್ದು ಎರಡನೆಯ ಹೆಸರಿಗೆ.

ಯಾಕೆ ಎರಡನೆಯವರಿಗೆ ಎಂದು ಕೇಳಿದವಳು ನಾನೇ. ಅದಕ್ಕೆ ಉತ್ತರ ಒಂದೇ ದಿನ ಮುಗಿಯಲಿಲ್ಲ. ಮುಂದಿನ ಐದು ವರ್ಷ ಓಟಕ್ಕೆ ಮೊದಲು ಮೈಕಾಲು ಸಡಿಲಿಸುವಾಗ, ಓಟ ಮುಗಿಸಿ ಕಟ್ಟೆಯ ಮೇಲೆ ಕೂತು ನೀರು ಕುಡಿಯುವಾಗ ಬಿಡಿಬಿಡಿಯಾಗಿ ಕೇಳಿದೆ. ಮಿಕ್ಕದ್ದನ್ನು ಆಮೇಲೆ ನಾನೇ ಹುಡುಕಿ ಓದಿಕೊಂಡೆ.

ಗ್ರೇಟೆ ಹುಟ್ಟಿದ್ದು 1953ರ ಅಕ್ಟೋಬರ್ 1ರಂದು, ಓಸ್ಲೋದಲ್ಲಿ. ಹುಟ್ಟುಹೆಸರು ಗ್ರೇಟೆ ಆಂಡರ್ಸನ್. ಇಬ್ಬರು ಅಣ್ಣಂದಿರ ಹಿಂದೆ ಓಡಾಡಿಕೊಂಡು ಬೆಳೆದ ಹುಡುಗಿ. ಮುಂದೆ ಶಾಲಾ ಶಿಕ್ಷಕಿಯಾದರು. ಮೇಡಂ ಅವರಿಗೆ ಈ ಸಂಗತಿಯ ಮೇಲೆ ವಿಶೇಷ ಅಭಿಮಾನ. ಪಾಠ ಮಾಡುವ ಕೆಲಸ, ಮನೆ ಎಲ್ಲವನ್ನೂ ಇಟ್ಟುಕೊಂಡೇ ಕತ್ತಲಿರುವಾಗಲೇ ಎದ್ದು, ಹಿಮದ ಮೇಲೆ ಓಡಿ, ಆಮೇಲೆ ಮಕ್ಕಳ ಮುಂದೆ ನಿಲ್ಲುತ್ತಿದ್ದ ಹೆಂಗಸು ಅವರು ಎಂದು ಪದೇಪದೇ ಹೇಳುತ್ತಿದ್ದರು.

ಗ್ರೇಟೆ ಓಡಲು ಶುರು ಮಾಡಿದಾಗ ಹೆಂಗಸರಿಗೆ ದೂರದ ಓಟವೇ ಇರಲಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಡಿಸಿದರು. ಓಡಿ ದಣಿದವರನ್ನು ನೋಡಿ, ಇದು ಹೆಣ್ಣಿನ ಮೈಗೆ ತಡೆಯದ ಕೆಲಸ ಎಂದು ತೀರ್ಮಾನಿಸಿ ಅದನ್ನು ತೆಗೆದೇಬಿಟ್ಟರು. ಮತ್ತೆ ಸೇರಿಸಿದ್ದು 1960ರಲ್ಲಿ. 1500 ಮೀಟರ್ ಬಂದದ್ದು 1972ರಲ್ಲಿ. ಆ ವರ್ಷ ಮ್ಯೂನಿಕ್‌ನಲ್ಲಿ ಹದಿನೆಂಟರ ಗ್ರೇಟೆ ಓಡಿದ್ದು ಅದನ್ನೇ. 1976ರ ಮಾಂಟ್ರಿಯಲ್‌ನಲ್ಲೂ ಅದನ್ನೇ ಓಡಿ ಸೆಮಿಫೈನಲ್‌ನಲ್ಲಿ ಹೊರಬಿದ್ದರು. ಅಷ್ಟರೊಳಗೆ 3000 ಮೀಟರ್‌ನಲ್ಲಿ 1975ರಲ್ಲೊಮ್ಮೆ, 1976ರಲ್ಲೊಮ್ಮೆ ವಿಶ್ವದಾಖಲೆ ಬರೆದಿದ್ದರು. ಆದರೆ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 3000 ಮೀಟರ್ ಇರಲೇ ಇಲ್ಲ! ಲೋಕದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಬಲ್ಲ ದೂರವೊಂದು ನಿಮಗಿದೆ, ಆ ದೂರವನ್ನು ದೊಡ್ಡ ಕೂಟದಲ್ಲಿ ಓಡಿಸುವುದೇ ಇಲ್ಲ. ಈ ಅನ್ಯಾಯವನ್ನು ಹೇಳುವಾಗ ಮೇಡಂ ದನಿ ಏರುತ್ತಿತ್ತು. ಈಗ ಬರೆಯುವಾಗ ನನಗೂ ಸಿಟ್ಟು ಬರುತ್ತದೆ.

1978ರಲ್ಲಿ ಪ್ರಾಗ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 3000 ಮೀಟರ್‌ನ ಚಿನ್ನ ತಮ್ಮದೇ ಎಂದು ಹೋದವರಿಗೆ ಕಂಚು ಸಿಕ್ಕಿತು. ವಯಸ್ಸು ಇಪ್ಪತ್ತೈದರ ಹತ್ತಿರ. ಓಟ ಬಿಟ್ಟು ಪಾಠ ಮಾಡಿಕೊಂಡಿರೋಣ ಎಂಬ ಯೋಚನೆ ಬಂದಿತ್ತು. ನ್ಯೂಯಾರ್ಕ್ ಮ್ಯಾರಥಾನ್‌ಗೆ ಹೋಗಿಬರೋಣ, ಊರು ನೋಡಿದ ಹಾಗೂ ಆಗುತ್ತದೆ ಎಂದವರು ಗಂಡ ಜ್ಯಾಕ್. ಆ ಓಟದ ಸಂಘಟಕ ಫ್ರೆಡ್ ಲೆಬೋ ಇವರನ್ನು ಕರೆಸಿಕೊಂಡದ್ದು ಗೆಲ್ಲುತ್ತಾರೆಂದಲ್ಲ. ಮೊದಲರ್ಧ ಜೋರಾಗಿ ಓಡಿ ಉಳಿದವರಿಗೆ ವೇಗ ಕಟ್ಟಿಕೊಡಲಿ ಎಂದು.

ಆ ದಿನದ ವಿವರ ನಮಗೆಲ್ಲ ಬಾಯಿಪಾಠವಾಗಿತ್ತು. ಅವರ ಎದೆಯ ಮೇಲಿದ್ದ ಸಂಖ್ಯೆ 1173. ಅಲ್ಲಿಯವರೆಗೆ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ಒಂದೇ ಸಲಕ್ಕೆ ಓಡಿದವರಲ್ಲ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಅಲ್ಲಿನ ಹಲಗೆಗಳ ಮೇಲೆ ದೂರವನ್ನೆಲ್ಲ ಮೈಲಿಯಲ್ಲಿ ಬರೆದಿದ್ದರು. ಕಿಲೋಮೀಟರ್ ಲೆಕ್ಕದಲ್ಲೇ ಬೆಳೆದವರಿಗೆ ಎಷ್ಟು ಓಡಿದೆ, ಎಷ್ಟು ಉಳಿಯಿತು ಎಂಬ ಅಂದಾಜೇ ಸಿಗಲಿಲ್ಲ. ಓಟ ಮುಗಿಯುವುದು ಸೆಂಟ್ರಲ್ ಪಾರ್ಕಿನಲ್ಲಿ ಎಂದಷ್ಟೇ ಗೊತ್ತು. ನಾಲ್ಕು ಮರ ಒಟ್ಟಿಗೆ ಕಂಡಲ್ಲೆಲ್ಲ ಇದೇ ಪಾರ್ಕಿರಬೇಕು ಎಂದುಕೊಂಡು ಓಡಿದರು. ತೊಡೆ ಸೆಟೆದುಕೊಂಡಿತ್ತು. ಇಷ್ಟಕ್ಕೆಲ್ಲ ತಂದು ಹಾಕಿದ ಗಂಡನ ಮೇಲೆ ಸಿಟ್ಟು. ಗೆರೆ ದಾಟಿದ ಮೇಲೆ ಶೂ ಕಳಚಿ ಜ್ಯಾಕ್ ಮೇಲೆ ಎಸೆದು, ಇನ್ನೆಂದೂ ಈ ಹುಚ್ಚು ಕೆಲಸ ಮಾಡುವುದಿಲ್ಲ ಎಂದರಂತೆ. ಅವರು ತೆಗೆದುಕೊಂಡ ಸಮಯ 2 ಗಂಟೆ 32 ನಿಮಿಷ 30 ಸೆಕೆಂಡು. ಓಟ ಗೆದ್ದದ್ದಲ್ಲದೆ ಅದುವರೆಗಿನ ವಿಶ್ವದಾಖಲೆಯನ್ನೂ ಎರಡು ನಿಮಿಷಕ್ಕಿಂತ ಹೆಚ್ಚು ಕೆಳಗಿಳಿಸಿದ್ದರು. ಆಮೇಲೆ ಓಸ್ಲೋಗೆ ಹಿಂತಿರುಗಿ, ಎಂದಿನಂತೆ ಶಾಲೆಗೆ ಪಾಠಕ್ಕೆ ಹೋದರು.

ನಾನು ಆ ಕತೆಯನ್ನು ಮೊದಲು ಸರಿಯಾಗಿ ಕೇಳಿಸಿಕೊಂಡದ್ದು 800 ಮೀಟರ್‌ನಲ್ಲಿ ಎಲ್ಲರಿಗಿಂತ ಹಿಂದೆ ಬಂದ ಒಂದು ಸಂಜೆ. ಹಾಸ್ಟೆಲಿಗೆ ಹೋಗಿ ಹೊದ್ದು ಮಲಗೋಣ ಎನ್ನಿಸುವಷ್ಟು ಬೇಸರವಾಗಿತ್ತು. ಮೇಡಂ ಸುಣ್ಣದ ಗೆರೆಯ ಆಚೆ ನನ್ನನ್ನು ಕೂರಿಸಿಕೊಂಡು ನಾಡಿ ಹಿಡಿದು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದು ನೋಡಿದರು. "ಉಸಿರು ಆಗಲೇ ಹದಕ್ಕೆ ಬಂತಲ್ಲೇ. ನಿನಗೆ ಇದು ಸಾಲದು. ನಿನ್ನ ದೂರ ಯಾವುದೋ ನೋಡೋಣ" ಎಂದರು. ಮರುದಿನದಿಂದ ನನ್ನನ್ನು ಮೈದಾನದಿಂದ ಹೊರಗೆ, ಕೆರೆಯ ಏರಿಯ ದಾರಿಗೆ ಹತ್ತಿಸಿದರು. ತಾವು ಸೈಕಲ್ ಮೇಲೆ ಹಿಂದೆ. ಹೆಣ್ಣುಮಕ್ಕಳು ರಸ್ತೆಯಲ್ಲಿ ಓಡುವುದೇನು ಎಂದು ಮಾತಾಡಿದವರಿದ್ದರು. ಅವರಿಗೆ ಉತ್ತರ ಕೊಡುವ ಹೊಣೆಯನ್ನು ಮೇಡಂ ನಮ್ಮ ಮೇಲೆ ಎಂದೂ ಬಿಡಲಿಲ್ಲ. ಮನೆಯವರನ್ನು ಒಪ್ಪಿಸಲು ತಾವೇ ಹೋಗುತ್ತಿದ್ದರು. ನಾನು ದೊಡ್ಡ ಓಟಗಾರ್ತಿಯಾಗಲಿಲ್ಲ. ಅಂತರ ಕಾಲೇಜು ಕ್ರಾಸ್‌ಕಂಟ್ರಿಯಲ್ಲಿ, ಅಂದರೆ ಮೈದಾನದಾಚೆಯ ಏರುತಗ್ಗಿನ ದಾರಿಯ ಓಟದಲ್ಲಿ, ನಮ್ಮ ಕಾಲೇಜಿನ ಬನಿಯನ್ ತೊಟ್ಟು ಓಡಿದೆ, ಅಷ್ಟೇ. ಆದರೆ ದೂರ ಹೆಚ್ಚಿದಂತೆಲ್ಲ ನನ್ನ ಮುಂದಿದ್ದವರು ಒಬ್ಬೊಬ್ಬರಾಗಿ ಹಿಂದಾಗುವುದನ್ನು ಕಂಡ ಸುಖ ಇವತ್ತಿಗೂ ಮೈಯಲ್ಲಿದೆ.

ನ್ಯೂಯಾರ್ಕಿಗೆ ಇನ್ನೆಂದೂ ಬರುವುದಿಲ್ಲ ಎಂದವರು ಮರುವರ್ಷವೇ ಬಂದರು. 1979ರಲ್ಲಿ 2 ಗಂಟೆ 27 ನಿಮಿಷ 33 ಸೆಕೆಂಡು. ಒಂದೇ ವರ್ಷದಲ್ಲಿ ತಮ್ಮದೇ ದಾಖಲೆಯನ್ನು ಸುಮಾರು ಐದು ನಿಮಿಷ ಕೆಳಗಿಳಿಸಿದರು. 1980ರಲ್ಲಿ ಇನ್ನೂ ಕೆಳಕ್ಕೆ, 2 ಗಂಟೆ 25 ನಿಮಿಷದ ಆಸುಪಾಸು. ಮ್ಯಾರಥಾನ್‌ನಲ್ಲಿ ಎರಡೂವರೆ ಗಂಟೆಯ ಗೋಡೆ ಹೆಂಗಸರಿಗೆ ದಾಟಲಾಗದ್ದು ಎಂಬ ಮಾತು ಅಲ್ಲಿಗೆ ನಿಂತಿತು. 1981ರಲ್ಲಿ ಮೊಣಕಾಲಿನ ಕೆಳಗಿನ ಮೂಳೆಯ ನೋವಿನಿಂದ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮರಳಿ ಬಂದು 1982ರಿಂದ 1986ರವರೆಗೆ ಸತತ ಐದು ವರ್ಷ ಗೆದ್ದರು. 1988ರದ್ದು ಒಂಬತ್ತನೆಯ ಗೆಲುವು. ಒಂದೇ ಊರಿನ ಮ್ಯಾರಥಾನನ್ನು ಒಂಬತ್ತು ಸಲ! ಇದರ ಜೊತೆಗೆ ವಿಶ್ವ ಕ್ರಾಸ್‌ಕಂಟ್ರಿ ಚಾಂಪಿಯನ್‌ಷಿಪ್ ಐದು ಸಲ: 1978, 79, 80, 81 ಮತ್ತು 83. ಕ್ರಾಸ್‌ಕಂಟ್ರಿಯ ಕೆಸರು, ಏರು, ಹುಲ್ಲು ಬೇರೆ, ಮ್ಯಾರಥಾನ್‌ನ ಡಾಂಬರು ಬೇರೆ. ಎರಡರಲ್ಲೂ ಹೀಗೆ ಆಳಿದವರು ಅಪರೂಪ. ನನಗೆ ಅವರ ಒಂಬತ್ತು ಗೆಲುವಿಗಿಂತ ಈ ಐದು ಹೆಚ್ಚು ಬೆರಗು ಹುಟ್ಟಿಸುತ್ತವೆ. ಕೆರೆಯ ಏರಿಯ ಮೇಲೆ ಮಳೆಗಾಲದಲ್ಲಿ ಓಡಿದವರಿಗೆ ಇದು ಅರ್ಥವಾದೀತು.

1983ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಮಹಿಳೆಯರ ಮ್ಯಾರಥಾನ್‌ನ ಮೊದಲ ವಿಶ್ವ ಚಾಂಪಿಯನ್ ಗ್ರೇಟೆ. ಎರಡನೆಯವರಿಗಿಂತ ಮೂರು ನಿಮಿಷ ಮುಂದಿದ್ದರು. ಅದೇ ವರ್ಷದ ಏಪ್ರಿಲ್ 17ರಂದು ಲಂಡನ್‌ನಲ್ಲಿ 2 ಗಂಟೆ 25 ನಿಮಿಷ 29 ಸೆಕೆಂಡಿನಲ್ಲಿ ಓಡಿದ್ದರು. ಮರುದಿನವೇ ಬಾಸ್ಟನ್‌ನಲ್ಲಿ ಜೋನ್ ಬೆನೊಯ್ಟ್ 2 ಗಂಟೆ 22 ನಿಮಿಷ 43 ಸೆಕೆಂಡಿಗೆ ಇಳಿಸಿಬಿಟ್ಟರು. ಹೀಗೆ ಲಾಸ್ ಏಂಜಲೀಸ್‌ಗೆ ಹೋಗುವ ಹೊತ್ತಿಗೆ ವಿಶ್ವ ಚಾಂಪಿಯನ್ ಪಟ್ಟ ಗ್ರೇಟೆ ಅವರದು, ವಿಶ್ವದಾಖಲೆ ಬೆನೊಯ್ಟ್ ಅವರದು.

ಆ ಓಟದಲ್ಲಿ ಬೆನೊಯ್ಟ್ ಐದು ಕಿಲೋಮೀಟರ್ ಆಗುವಷ್ಟರಲ್ಲೇ ಗುಂಪು ಬಿಟ್ಟು ಒಂಟಿಯಾಗಿ ಮುಂದೆ ಹೊರಟುಬಿಟ್ಟರು. ಆಯ್ಕೆ ಓಟಕ್ಕೆ ಹದಿನೇಳು ದಿನವಿರುವಾಗ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿದ್ದ ಹುಡುಗಿ ಆಕೆ. ಬಿಸಿಲಿಗೆ ಸೋತು ಹಿಂದೆ ಬರುತ್ತಾರೆ ಎಂದುಕೊಂಡು ಗ್ರೇಟೆ, ನಾರ್ವೆಯ ಇನ್ನೊಬ್ಬ ಓಟಗಾರ್ತಿ ಇಂಗ್ರಿಡ್ ಕ್ರಿಸ್ಟಿಯನ್ಸೆನ್, ರೋಸಾ ಮೋಟಾ ಎಲ್ಲ ಗುಂಪಿನಲ್ಲೇ ಉಳಿದರು. ಬೆನೊಯ್ಟ್ ಹಿಂದೆ ಬರಲೇ ಇಲ್ಲ. 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಮುಗಿಸಿದರು. ಗ್ರೇಟೆ 2 ಗಂಟೆ 26 ನಿಮಿಷ 18 ಸೆಕೆಂಡು. ಸೋತ ಮೇಲೆ ಗ್ರೇಟೆ ಗೆದ್ದವರ ಹೆಚ್ಚುಗಾರಿಕೆಯನ್ನು ಸಣ್ಣದು ಮಾಡುವ ಮಾತಾಡಲಿಲ್ಲ ಎಂಬುದನ್ನು ಮೇಡಂ ಒತ್ತಿ ಹೇಳುತ್ತಿದ್ದರು. ಅವರ ಕೆಂಪು ಗುರುತಿಗೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ಆ ಓಟವೇ ಒಲಿಂಪಿಕ್ಸ್‌ನಲ್ಲಿ ಸೇರುವಂತಾದದ್ದರಲ್ಲಿ ನ್ಯೂಯಾರ್ಕಿನ ಆ ಗೆಲುವುಗಳ ಪಾಲು ದೊಡ್ಡದು. ಹೆಂಗಸರಿಂದ ಆಗದು ಎನ್ನುವವರ ಎದುರು ವರ್ಷವರ್ಷವೂ ಆಗಿಸಿ ತೋರಿಸಿದವರು ಅವರು.

ನಾನು ಡಿಗ್ರಿಯಲ್ಲಿದ್ದಾಗ 1988ರ ಸೋಲ್ ಒಲಿಂಪಿಕ್ಸ್ ಬಂತು. ಗ್ರೇಟೆ ಅವರಿಗೆ ಮಂಡಿಯ ತೊಂದರೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದರು. ಓಟ ಪೂರ್ತಿ ಮಾಡಲಾಗಲಿಲ್ಲ. ಚಿನ್ನ ಗೆದ್ದವರು ರೋಸಾ ಮೋಟಾ. ಆ ವಾರ ನಾವೆಲ್ಲ ಮಂಕಾಗಿದ್ದೆವು, ನಮ್ಮ ಮನೆಯವರೇ ಸೋತ ಹಾಗೆ. ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮತ್ತೆ ಗೆದ್ದ ಸುದ್ದಿ ಬಂದಾಗ ಮೇಡಂ ಅಂದಿನ ಅಭ್ಯಾಸ ರದ್ದು ಮಾಡಿ ಎಲ್ಲರಿಗೂ ಕ್ಯಾಂಟೀನಿನಲ್ಲಿ ಟೀ ಕೊಡಿಸಿದರು. ಅಭ್ಯಾಸ ತಪ್ಪಿಸಿದ್ದನ್ನು ನಾನು ಕಂಡದ್ದು ಅವತ್ತು ಮಾತ್ರ.

ಮುಂದಿನದು ನಾನು ಕಾಲೇಜು ಬಿಟ್ಟ ಮೇಲಿನ ಸಂಗತಿ. ಅಂದು ಗ್ರೇಟೆ ಅವರನ್ನು ಕರೆಸಿಕೊಂಡಿದ್ದ ಫ್ರೆಡ್ ಲೆಬೋ ಅವರಿಗೆ 1990ರಲ್ಲಿ ಮಿದುಳಿನ ಕ್ಯಾನ್ಸರ್ ಎಂದು ತಿಳಿಯಿತು. 1992ರಲ್ಲಿ, ಅರವತ್ತರ ವಯಸ್ಸಿನಲ್ಲಿ, ತಾವೇ ಬೆಳೆಸಿದ ಮ್ಯಾರಥಾನನ್ನು ಓಡಬೇಕೆಂದು ಅವರು ಹೊರಟಾಗ ಪಕ್ಕದಲ್ಲಿ ಓಡಿದವರು ಗ್ರೇಟೆ. ಎರಡೂವರೆ ಗಂಟೆಯೊಳಗೆ ಮುಗಿಸುತ್ತಿದ್ದ ಅದೇ ದಾರಿಗೆ ಆ ದಿನ ಐದೂವರೆ ಗಂಟೆ ಹಿಡಿಯಿತು. ಇಬ್ಬರೂ ಕೈ ಹಿಡಿದುಕೊಂಡು, ಅಳುತ್ತಾ ಗೆರೆ ದಾಟಿದರು. ಅವರ ಎಲ್ಲ ಓಟಗಳಲ್ಲಿ ನಾನು ಕಣ್ಣಾರೆ ನೋಡಬೇಕಿತ್ತು ಎಂದು ಹಂಬಲಿಸುವುದು ಇದೊಂದನ್ನು. ಲೆಬೋ 1994ರಲ್ಲಿ ತೀರಿಕೊಂಡರು. 2005ರಲ್ಲಿ ಗ್ರೇಟೆ ಅವರಿಗೂ ಕ್ಯಾನ್ಸರ್ ಎಂದು ಗೊತ್ತಾಯಿತು. ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಯ ಜೊತೆಗೆ ವ್ಯಾಯಾಮವೂ ಸಿಗಬೇಕು ಎಂದು 2007ರಲ್ಲಿ ನಾರ್ವೆಯಲ್ಲಿ 'ಆಕ್ಟಿವ್ ಮೋಟ್ ಕ್ರೆಫ್ಟ್' ಎಂಬ ಸಂಸ್ಥೆ ಕಟ್ಟುವುದರಲ್ಲಿ ನಿಂತರು. 2011ರ ಏಪ್ರಿಲ್ 19ರಂದು, ಐವತ್ತೇಳರ ವಯಸ್ಸಿನಲ್ಲಿ ತೀರಿಕೊಂಡರು. ಓಸ್ಲೋದ ಬಿಸ್ಲೆಟ್ ಕ್ರೀಡಾಂಗಣದ ಎದುರು ಅವರು ಓಡುತ್ತಿರುವ ಭಂಗಿಯ ಪ್ರತಿಮೆಯಿದೆ.

ಗ್ರೇಟೆ ತೀರಿಕೊಂಡ ಸುದ್ದಿ ಓದಿದ ಕೂಡಲೇ ನಾನು ಮೇಡಂ ಅವರಿಗೆ ಫೋನ್ ಮಾಡಿದೆ. ಆಗ ಅವರು ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಅವರಿಗೆ ಆಗಲೇ ಗೊತ್ತಾಗಿತ್ತು. ಸ್ವಲ್ಪ ಹೊತ್ತು ಗ್ರೇಟೆ ಅವರ ಮಾತಾಡಿ, "ನೀನು ಈಗಲೂ ಓಡ್ತೀಯಾ?" ಎಂದು ಕೇಳಿದರು. ನಡೆಯುತ್ತೇನೆ ಮೇಡಂ ಎಂದೆ. ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿ ತಿಳಿದುಕೊಂಡರು.

ಈಗ ಮೇಡಂ ಇಲ್ಲ. ಅವರ ಹುಡುಗಿಯರು ಕೆಲವರು ಸೇರಿ, ಈ ವರ್ಷದಿಂದ ವಾರ್ಷಿಕ ಕ್ರೀಡಾಕೂಟದಲ್ಲಿ ವಿದ್ಯಾರ್ಥಿನಿಯರ ಹತ್ತು ಕಿಲೋಮೀಟರ್ ಓಟಕ್ಕೆ ಒಂದು ಪರ್ಯಾಯ ಪಾರಿತೋಷಕ ಕೊಡುತ್ತಿದ್ದೇವೆ. ಪ್ರಾಂಶುಪಾಲರು ಒಪ್ಪಿದ್ದಾರೆ. ನಮ್ಮದು ಒಂದೇ ಕೋರಿಕೆ: 100 ಮೀಟರ್‌ನಲ್ಲೋ 800 ಮೀಟರ್‌ನಲ್ಲೋ ಹಿಂದೆ ಬಿದ್ದವರನ್ನು ಮೊದಲು ಕೇಳಿ ಈ ಓಟಕ್ಕೆ ಹೆಸರು ಬರೆಸಿ. ಮೇಡಂ ಮಾಡುತ್ತಿದ್ದ ಹಾಗೆ, ಕೊನೆಯವಳು ಬರುವವರೆಗೂ ಸ್ಟಾಪ್‌ವಾಚ್ ನಿಲ್ಲಿಸದೆ, ಪ್ರತಿಯೊಬ್ಬಳ ಸಮಯವನ್ನೂ ರಿಜಿಸ್ಟರಿನಲ್ಲಿ ಬರೆದಿಡಿ.